ಶೂಟಿಂಗ್‌ಗೆ ತರಿಸಿದ ಬಾಡಿಗೆ ಕ್ಯಾರವಾನ್ ಹೇಗಿತ್ತು?

ನಾನು ಸೀರಿಯಲ್‌ಗಳಲ್ಲಿ ಕಾಸ್ಟ್ಯೂಮ್ ಅಸಿಸ್ಟೆಂಟ್. 11 ವರ್ಷ ಆಯ್ತು. ಔಟ್‌ಡೋರ್ ಇದ್ದರೆ ನಾಯಕಿಗೆ ಮಾತ್ರ ಕ್ಯಾರವಾನ್, ಅಂದರೆ ಬಟ್ಟೆ ಬದಲಿಸಲು ಜಾಗ, ಟಾಯ್ಲೆಟ್ ಇರುವ ಗಾಡಿ. ಜೂನಿಯರ್ ಆರ್ಟಿಸ್ಟ್‌ಗಳು ಸೀರೆ ಅಡ್ಡ ಹಿಡಿದು ಬಟ್ಟೆ ಬದಲಿಸುತ್ತಾರೆ. ಟಾಯ್ಲೆಟ್ ಇರಲ್ಲ ಅಂತ ನೀರೇ ಕುಡಿಯುವುದಿಲ್ಲ. 2024ರ ಆಗಸ್ಟ್‌ನಲ್ಲಿ ಹೊರಬಂದ ಕೇರಳದ ಹೇಮಾ ಸಮಿತಿ ವರದಿಯಲ್ಲೂ (ಮಲಯಾಳಂ ಚಿತ್ರರಂಗದ ಹೆಂಗಸರ ಕಷ್ಟಗಳ ಬಗ್ಗೆ) ಇದೇ ಇತ್ತು. ಓದಿ ಹೊಟ್ಟೆ ಉರಿಯಿತು.

ಈ ಸಲ ಮೇಲುಕೋಟೆಯಲ್ಲಿ ಶೂಟಿಂಗ್. ನಮ್ಮ ಅಸೋಸಿಯೇಟ್ ಡೈರೆಕ್ಟರ್ ಮೇಡಂ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹಟ ಹಿಡಿದು, ಉಳಿದ ಹೆಂಗಸರಿಗೆಲ್ಲ ಅಂತ ಇನ್ನೊಂದು ಗಾಡಿ ತರಿಸಿದರು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಗಾಡಿ ಹಳೆಯದು, ಆದರೆ ಶುಚಿಯಾಗಿತ್ತು. ಒಳಗಿನಿಂದ ಚಿಲಕ ಸರಿಯಾಗಿ ಬೀಳುತ್ತದೆ. ನಮಗೆ ಬೇಕಿದ್ದದ್ದು ಮೊದಲು ಅದೇ ಅಲ್ವಾ? ಟಾಯ್ಲೆಟ್‌ನಲ್ಲಿ ಮುಚ್ಚಳ ಇರುವ ಡಸ್ಟ್‌ಬಿನ್, ಕನ್ನಡಿ ಕೆಳಗಿನ ಡ್ರಾಯರ್‌ನಲ್ಲಿ ಪ್ಯಾಡ್ ಪ್ಯಾಕೆಟ್. ಎಸಿ ಸುಮಾರು. ಮೂರು ಗಂಟೆಗೆ ಟ್ಯಾಂಕ್ ನೀರು ಖಾಲಿ, ಮತ್ತೆ ತುಂಬಿಸಲು ಒಂದು ಗಂಟೆ ಹಿಡಿಯಿತು. 20 ಜನರಿಗೆ ಆ ಟ್ಯಾಂಕ್ ಸಾಲುವುದಿಲ್ಲ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಊಟ ಆದ ಮೇಲೆ ಅಜ್ಜಿ ಪಾತ್ರದ ಅಮ್ಮ ಮೆಟ್ಟಿಲ ಮೇಲೆ ಕೂತು ಒಂದು ಬಾಟಲಿ ನೀರು ಪೂರ್ತಿ ಕುಡಿದರು.