ಎಂಸಿಆರ್ ಚಪ್ಪಲಿ: ಹತ್ತು ತಿಂಗಳು ಮೆಟ್ಟಿದ ಮೇಲೆ

ಹೋದ ವರ್ಷ ಏಪ್ರಿಲ್‌ನಲ್ಲಿ ಮನೆದೇವರ ಗುಡಿಯಲ್ಲಿ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದೆ. ಹೆಂಡತಿ, ಸೊಸೆ ಇಬ್ಬರೂ ಕಲ್ಲು ಸುಡುತ್ತೆ ಅಂತ ನೆರಳಿಗೆ ಓಡಿದರು. ನನಗೇನೂ ಅನ್ನಿಸಲಿಲ್ಲ, ನಿಧಾನವಾಗಿ ಮೂರು ಸುತ್ತು ಮುಗಿಸಿದೆ. ರಾತ್ರಿ ನೋಡಿದರೆ ಬಲಗಾಲ ಹೆಬ್ಬೆರಳ ಬುಡದಲ್ಲಿ ರೂಪಾಯಿ ಅಗಲದ ಬೊಬ್ಬೆ. ಅದನ್ನೂ ಹೆಂಡತಿಯೇ ಕಂಡು ಹೇಳಿದ್ದು. ಮಾಯಲು ಆರು ವಾರ ಹಿಡಿಯಿತು.

ನಾನು ನಿವೃತ್ತ ಬಸ್ ಕಂಡಕ್ಟರ್. ಹದಿನಾಲ್ಕು ವರ್ಷದಿಂದ ಶುಗರ್ ಇದೆ. ಡಾಕ್ಟರು ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪಾದ ಮುಟ್ಟುತ್ತಾ ಬಂದರು. ಮುಟ್ಟಿದಾಗ 'ಹೂಂ' ಅನ್ನಬೇಕು. ಅವರಿನ್ನೂ ಶುರುಮಾಡಿಲ್ಲ ಅಂದುಕೊಂಡು ನಾನು ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ಅವರು ನಾಲ್ಕು ಕಡೆ ಮುಟ್ಟಿ ಆಗಿತ್ತು. ಎಂಸಿಆರ್ ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್, ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆಯ ರಬ್ಬರ್; ಅದರ ಚಪ್ಪಲಿ ಹಾಕಿ ಅಂತ ಚೀಟಿ ಬರೆದುಕೊಟ್ಟರು.

ಜೂನ್‌ನಲ್ಲಿ ಹಾಸನದ ಒಂದು ಅಂಗಡಿಯಲ್ಲಿ 850 ರೂಪಾಯಿ ಕೊಟ್ಟು ತಗೊಂಡೆ. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ, ಆಗಲೇ ಅಳತೆ ಕೊಡಿ. ಕೆಳಗೆ ಗಟ್ಟಿ ರಬ್ಬರ್, ಮೇಲೆ ಮೆತ್ತನೆಯ ಕಪ್ಪು ಹಾಳೆ. ಹೆಬ್ಬೆರಳಿಂದ ಒತ್ತಿದರೆ ಕುಳಿ ಬೀಳುತ್ತೆ, ಬಿಟ್ಟರೆ ಮೆಲ್ಲಗೆ ಮೇಲೇಳುತ್ತೆ. ಉಂಗುಷ್ಟ ಇಲ್ಲ, ಹಿಮ್ಮಡಿಗೆ ಪಟ್ಟಿ ಇದೆ. ಮೊಳೆ ಒಂದೂ ಇಲ್ಲ, ಹೊಲಿಗೆ ಮತ್ತು ಅಂಟು ಮಾತ್ರ. ನನ್ನಂಥವನಿಗೆ ಇದೇ ಮುಖ್ಯ, ಮೊಳೆ ಚುಚ್ಚಿದರೂ ತಿಳಿಯದ ಕಾಲು ಇದು. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಮತ್ತು ಜೊತೆಯವರು ಇಂಥ ರಬ್ಬರನ್ನು ಮೊದಲು ಬಳಸಿದ್ದು ಕುಷ್ಠರೋಗಿಗಳ ಪಾದಕ್ಕೆ. ಅವರ ಕಾಲಿಗೂ ಸ್ಪರ್ಶ ಇರುತ್ತಿರಲಿಲ್ಲ.

ಹಾಕಿದ ವಾರದಲ್ಲೇ ನಡಿಗೆ ಹಗುರಾಯಿತು. ಅಂಗಾಲಲ್ಲಿ ಆಣಿಯಂತೆ ಗಟ್ಟಿಯಾಗಿದ್ದ ಚರ್ಮ ಮೂರು ತಿಂಗಳಲ್ಲಿ ಮೆತ್ತಗಾಯಿತು. ಹೊಸ ಗಾಯ ಒಂದೂ ಆಗಿಲ್ಲ.

ಒಂದು ಮಾತಿಗೆ ಮಾತ್ರ ನನಗೆ ಸಿಟ್ಟಿದೆ. ಅಂಗಡಿಯ ಹುಡುಗ "ಎರಡು ತಿಂಗಳು ಹಾಕಿ ಅಂಕಲ್, ನರ ಚುರುಕಾಗುತ್ತೆ" ಅಂದ. ಆಗೋದಿಲ್ಲ. ಚಪ್ಪಲಿ ಮೈಭಾರವನ್ನು ಪಾದದ ತುಂಬ ಹಂಚುತ್ತೆ, ಅಷ್ಟೇ. ನರ ಕೆಡೋದು ವರ್ಷಗಟ್ಟಲೆ ಏರಿದ ಸಕ್ಕರೆಯಿಂದ. ಅದು ನರವನ್ನೂ ಕೆಡಿಸುತ್ತೆ, ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳನ್ನೂ ಕೆಡಿಸುತ್ತೆ. ಉದ್ದನೆಯ ನರಗಳು ಮೊದಲು ಸೋಲುತ್ತವೆ, ಅದಕ್ಕೇ ಜೋಮು ಕಾಲ್ಬೆರಳಿಂದ ಶುರುವಾಗುತ್ತೆ. ಟೈಪ್ 1 ಶುಗರ್ (ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದೇ ಇರುವ ಬಗೆ) ಇರುವವರ ಮೇಲೆ ಅಮೆರಿಕ, ಕೆನಡಾದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ನರದ ತೊಂದರೆ ಸುಮಾರು 60% ಕಡಿಮೆ. ನನ್ನದು ಹೆಚ್ಚಿನವರಿಗೆ ಬರುವ ಟೈಪ್ 2, ಇದರಲ್ಲಿ ಅಷ್ಟು ಲಾಭ ಸಿಗೋಲ್ಲ ಅಂತ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಆದರೂ ಉಳಿದಿರುವ ನರ ಉಳಿಯಬೇಕಲ್ಲ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.4% ಇದ್ದದ್ದನ್ನು ಮೆಲ್ಲಮೆಲ್ಲಗೆ 7.2%ಗೆ ಇಳಿಸಿದ್ದೇವೆ. ತೀರಾ ಗಡಿಬಿಡಿಯಲ್ಲಿ ಇಳಿಸಿದರೂ ಕೆಲವರಿಗೆ ಉರಿ ಹೆಚ್ಚುತ್ತಂತೆ. ಬಹಳ ವರ್ಷ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ನುಂಗಿದವರಿಗೆ ವಿಟಮಿನ್ ಬಿ12 ಕಡಿಮೆಯಾಗಿಯೂ ಜೋಮು ಬರಬಹುದು ಅಂತ ಅದನ್ನೂ ಪರೀಕ್ಷೆ ಮಾಡಿಸಿದರು. ಈಗ ರಾತ್ರಿ ಪಾದದ ಉರಿ ತಗ್ಗಿದೆ, ಹೊದಿಕೆ ತಾಗಿದರೆ ಎದ್ದು ಕೂರೋದಿಲ್ಲ. ಹೆಬ್ಬೆರಳ ಜೋಮು ಹಾಗೇ ಇದೆ.

ಚಪ್ಪಲಿಯ ಕೊರತೆ ಹೇಳಬೇಕೆಂದರೆ, ಮಳೆಯಲ್ಲಿ ನೆನೆದರೆ ಒಣಗಲು ಎರಡು ದಿನ ಬೇಕು. ಪಟ್ಟಿಯ ವೆಲ್ಕ್ರೋಗೆ ಕಸ ಮೆತ್ತಿಕೊಂಡು ಹಿಡಿತ ಸಡಿಲಾಗುತ್ತೆ, ನಾನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೀತೀನಿ. ಹತ್ತು ತಿಂಗಳಿಗೆ ಹಿಮ್ಮಡಿಯ ಕೆಳಗೆ ರಬ್ಬರ್ ಕೂತುಬಿಟ್ಟಿದೆ, ಒತ್ತಿದರೆ ಮೇಲೇಳುತ್ತಿಲ್ಲ. ಹೊಸ ಜೋಡಿ ತಗೊಂಡೆ, ಮನೆಯೊಳಗೆ ಹಾಕಲು ಇನ್ನೊಂದು. ಎಷ್ಟೇ ಒಳ್ಳೆಯ ಚಪ್ಪಲಿಯಾದರೂ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ. ಒಂದು ದಿನ ನನ್ನದರಲ್ಲಿ ಮೊಮ್ಮಗಳ ಪೆನ್ಸಿಲ್ ಮೊನೆ ಸಿಕ್ಕಿತು.

ಈ ಏಪ್ರಿಲ್‌ನಲ್ಲಿ ಮನೆದೇವರಿಗೆ ಬೆಳಗ್ಗೆ ಎಂಟಕ್ಕೇ ಹೋದೆವು. ಹೆಂಡತಿ ಬಗ್ಗಿ ಅಂಗಳದ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ, "ತಣ್ಣಗಿದೆ, ಬನ್ನಿ" ಅಂದಳು.