ನೀರು ನಿಂತ ಉಳ್ಳಾಗಡ್ಡಿಗೆ ಮತ್ತೆ ಗೊಬ್ಬರ ಸುರಿಯಬೇಡಿ

ನೀರು ಹಾಯಿಸಿದ ಮೇಲೆ ಉಳ್ಳಾಗಡ್ಡಿ ಹಳದಿ ತಿರುಗಿದೆಯೇ? ಮಡಿಯಲ್ಲಿ ಕಾಲಿಟ್ಟರೆ ಇನ್ನೂ ಕೆಸರು ಹತ್ತುತ್ತಿದೆಯೇ? ಹಾಗಿದ್ದರೆ ದಯವಿಟ್ಟು ಇವತ್ತೇ ಗೊಬ್ಬರದ ಅಂಗಡಿಗೆ ಓಡಬೇಡಿ. ನವಲಗುಂದ ಕಡೆ ನಮ್ಮ ಕಾಕಾನ ಹೊಲದಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಪ್ಪಟ ಎರೆ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು; ಮಲಪ್ರಭಾ ಕಾಲುವೆ ನೀರು. ಮೇಲುಗೊಬ್ಬರವಾಗಿ ಯೂರಿಯಾ ಕೊಟ್ಟು ಎರಡು ವಾರದ ಮೇಲಾಗಿತ್ತು. ಬೆಳೆ ಕಡುಹಸಿರಾಗಿತ್ತು. ಸರದಿ ಬಂತೆಂದು ನೀರು ಹಾಯಿಸಿದರು, ಅದರ ಬೆನ್ನಿಗೇ ಮಳೆ ಹೊಡೆಯಿತು. ತಗ್ಗಿನ ಮಡಿಗಳಲ್ಲಿ ನೀರು ನಿಂತೇಬಿಟ್ಟಿತು. ಎಲೆ ಹಳದಿಯಾದದ್ದನ್ನು ಹೇಳಿದಾಗ ಅಂಗಡಿಯವರು, "ಯೂರಿಯಾ ತೊಳಕೊಂಡು ಹೋಗೇತ್ರಿ ಕಾಕಾರ, ಕ್ಯಾಲ್ಸಿಯಂ ನೈಟ್ರೇಟ್ ಹಾಕ್ರಿ, ಲಗೂ ಹಸರ ಆಕ್ಕೈತಿ" ಅಂದರು. ಮಣ್ಣು ಆರಿದೆಯೇ ಎಂದು ಒಂದು ಮಾತೂ ಕೇಳಲಿಲ್ಲ. ದುಡ್ಡು ಕೊಟ್ಟು ತಂದು ಹಾಕಿದ್ದಾಯಿತು. ತಗ್ಗಿನ ಮಡಿ ಹಸಿರಾಗಲಿಲ್ಲ, ಗಡ್ಡೆ ಸಣ್ಣದಾಗಿಯೇ ಉಳಿಯಿತು. ಎರಡನೇ ಗೊಬ್ಬರ ಕಾಣದ ಮೇಲಿನ ಮಡಿಗಳು ಮಾತ್ರ ಮಣ್ಣು ಆರುತ್ತಲೇ ತಾವಾಗಿ ಚೇತರಿಸಿಕೊಂಡವು.

ತೊಳೆದುಕೊಂಡು ಹೋಯಿತು ಅನ್ನುವ ಮಾತೇ ನಮ್ಮ ನೆಲಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ರೂಪ) ನೀರಿನ ಜೊತೆ ಆಳಕ್ಕೆ ಇಳಿಯುತ್ತದೆ, ನಿಜ. ಆದರೆ ನೆನೆದ ಎರೆಯಲ್ಲಿ ನೀರು ಇಳಿಯುವುದೇ ಕಷ್ಟ, ನಮ್ಮ ಬದುವೂ ಒಡೆದಿರಲಿಲ್ಲ. ಸಾರಜನಕ ಹೋದದ್ದು ಗಾಳಿಗೆ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ, ಕೆಲವು ವಾರಗಳಲ್ಲಿ ನೈಟ್ರೇಟ್ ಆಗುತ್ತದೆ. ನೀರು ನಿಂತು ಮಣ್ಣಿನೊಳಗೆ ಆಮ್ಲಜನಕ ತೀರಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆ ನೈಟ್ರೇಟನ್ನೇ ಬಳಸಿಕೊಂಡು ನೈಟ್ರಸ್ ಆಕ್ಸೈಡ್, ಸಾರಜನಕ ಅನಿಲಗಳಾಗಿ ಬಿಟ್ಟುಬಿಡುತ್ತವೆ. ಇದಕ್ಕೆ ಡಿನೈಟ್ರಿಫಿಕೇಶನ್ ಅನ್ನುತ್ತಾರೆ. ನೆಲ ಬೆಚ್ಚಗಿದ್ದಷ್ಟೂ ಇದು ಜೋರು. 45 ಕೆಜಿ ಯೂರಿಯಾ ಚೀಲದಲ್ಲಿ ಇರುವ ಸಾರಜನಕವೇ ಸುಮಾರು 20 ಕೆಜಿ. ಅದರಲ್ಲಿ ನೈಟ್ರೇಟ್ ಆಗಿ ಉಳಿದ ಪಾಲಿಗೆಲ್ಲ ಈ ಅಪಾಯವಿದೆ. ಯೂರಿಯಾ ಕಾಳಿನ ಮೇಲಿನ ಬೇವು ಲೇಪನ ನೈಟ್ರೇಟ್ ಆಗುವುದನ್ನು ತಡ ಮಾಡುತ್ತದೆ ಅಷ್ಟೇ, ಆದ ಮೇಲೆ ಅದನ್ನು ಉಳಿಸುವುದಿಲ್ಲ.

ಈಗ ಕ್ಯಾಲ್ಸಿಯಂ ನೈಟ್ರೇಟ್ ಸಲಹೆಯನ್ನು ಯೋಚಿಸಿ. ಅದರ ಸಾರಜನಕ ಹೆಚ್ಚುಕಡಿಮೆ ಎಲ್ಲವೂ ನೈಟ್ರೇಟ್ ರೂಪದ್ದೇ. ಬೇರು ಉಸಿರುಗಟ್ಟಿ ಹೀರಲಾಗದೆ ನಿಂತ ಹೊತ್ತಿನಲ್ಲಿ ಅದನ್ನು ಹಾಕಿದರೆ ಉಣ್ಣುವುದು ಬ್ಯಾಕ್ಟೀರಿಯಾ, ಬೆಳೆಯಲ್ಲ. ಹದ ಬಂದ ನೆಲಕ್ಕೆ ಅದು ಒಳ್ಳೆಯ ಗೊಬ್ಬರವೇ; ಕೆಸರಿಗಲ್ಲ.

ಮೊದಲು ನಿಂತ ನೀರನ್ನು ಬಸಿಗಾಲುವೆ ತೆಗೆದು ಹೊರಹಾಕಿ. ಒಂದೆರಡು ಗಿಡ ಕಿತ್ತು ಬೇರು ನೋಡಿ: ಬಿಳಿ ಇದ್ದರೆ ಕಾಯಬಹುದು, ಕಂದು ತಿರುಗಿ ಮೆತ್ತಗಾಗಿದ್ದರೆ ಯಾವ ಗೊಬ್ಬರವೂ ಅದನ್ನು ಎಬ್ಬಿಸುವುದಿಲ್ಲ. ಮಣ್ಣು ಹದಕ್ಕೆ ಬಂದು ಹೊಸ ಬೇರು ಕಂಡ ಮೇಲೂ ಬೆಳೆ ಹಳದಿಯಾಗಿಯೇ ಇದ್ದರೆ ಅಮೋನಿಯಂ ಸಲ್ಫೇಟನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಅಮೋನಿಯಂ ಎರೆ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ಹಸಿ ತಿಪ್ಪೆ ಗೊಬ್ಬರವನ್ನಂತೂ ಈ ಹೊತ್ತಿನಲ್ಲಿ ಸುರಿಯಲೇಬೇಡಿ, ಆ ಬ್ಯಾಕ್ಟೀರಿಯಾಗಳಿಗೆ ಬೇಕಾದ ಇಂಗಾಲ ಅದರಿಂದಲೇ ಸಿಗುತ್ತದೆ.