ಅಲರ್ಜಿ ಶಿಬಿರದಲ್ಲಿ ರಕ್ತ ಕೊಡುವ ಮೊದಲು ಇದನ್ನೊಮ್ಮೆ ಓದಿ

ಅಂಕೋಲಾ ಬಸ್ ಸ್ಟ್ಯಾಂಡ್ ಹತ್ತಿರ ಮೊನ್ನೆ ಅಲರ್ಜಿ ಶಿಬಿರದ ಇನ್ನೊಂದು ಬ್ಯಾನರ್ ಕಂಡೆ. ಒಂದೇ ರಕ್ತ ಪರೀಕ್ಷೆಯಲ್ಲಿ ನಿಮಗೆ ಆಗದ ಆಹಾರವೆಲ್ಲ ತಿಳಿಯುತ್ತದಂತೆ. ಹೋದ ವರ್ಷ ಇಂಥ ಶಿಬಿರಕ್ಕೆ 6,500 ರೂಪಾಯಿ ಸುರಿದು ಬಂದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಮಗನಿಗೆ ಒಂಬತ್ತು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು, ಮೂಗು ಸೋರುವುದು, ಕಣ್ಣು ತಿಕ್ಕುವುದು. ಮಳೆಗಾಲ ಹಿಡಿಯಿತೆಂದರೆ ಇನ್ನೂ ಜಾಸ್ತಿ. ಶಿಬಿರದಲ್ಲಿ ಇದನ್ನೆಲ್ಲ ಯಾರೂ ಕೇಳಲಿಲ್ಲ. ರಕ್ತ ತೆಗೆದರು, ವಾರ ಬಿಟ್ಟು ಒಂಬತ್ತು ಪುಟದ ಬಣ್ಣದ ರಿಪೋರ್ಟು ಕೊಟ್ಟರು. ಕೆಂಪು ಪಟ್ಟಿಯಲ್ಲಿ ಹಾಲು, ಮೊಟ್ಟೆ, ಗೋಧಿ, ಶೇಂಗಾ, ಸಿಗಡಿ. ಕೊನೆಗೆ ತೆಂಗಿನಕಾಯಿ!

ಕಾಯಿ ಬಿಟ್ಟು ನಮ್ಮ ಕಡೆ ಅಡುಗೆ ಉಂಟಾ? "ಹುಟ್ಟಿದಾಗಿಂದ ತಿಂದದ್ದು ಈಗ ವಿಷ ಆಯ್ತೇನೇ?" ಎಂದರು ಅತ್ತೆ. ನಾನು ಕೇಳಲಿಲ್ಲ. ಓದಿದವಳು ನಾನು, ಅಲ್ವಾ! ಮೂರು ತಿಂಗಳು ಮಗನಿಗೆ ಬೇರೆ ಅಡುಗೆ. ಶಾಲೆಯಲ್ಲಿ ಕೊಡುವ ಹಾಲನ್ನೂ ಬಿಡಿಸಿದೆ. ಮನೆಯವರೆಲ್ಲ ಸಿಗಡಿ ಉಣ್ಣುವಾಗ ಅವನು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಕೂರುತ್ತಿದ್ದ. ಎರಡು ಕಿಲೋ ಇಳಿದ. ಸೀನು ಮಾತ್ರ ಒಂದೂ ಕಮ್ಮಿಯಾಗಲಿಲ್ಲ.

ಕೊನೆಗೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ಅಲರ್ಜಿ ತಜ್ಞರ ಹತ್ತಿರ ಹೋದೆವು. ಅವರು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಯಾವ ಹೊತ್ತಿಗೆ ಸೀನು? ಎಲ್ಲಿ ಮಲಗುತ್ತಾನೆ? ಹಾಲು ಕುಡಿದ ಮೇಲೆ ಯಾವತ್ತಾದರೂ ತುಟಿ ಊದಿತ್ತಾ, ಮೈಮೇಲೆ ದದ್ದು ಎದ್ದಿತ್ತಾ? ಇಲ್ಲವೇ ಇಲ್ಲ. ನಾನು ರಿಪೋರ್ಟು ಮುಂದಿಟ್ಟೆ. ಅವರು ಒಂದು ಪುಟ ನೋಡಿ ಮಡಚಿಟ್ಟರು. ಅದು ಐಜಿಜಿ ಪರೀಕ್ಷೆ, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯದ (ರೋಗನಿರೋಧಕ ಪ್ರೋಟೀನಿನ) ಅಳತೆ. ತಿಂದ ಆಹಾರವನ್ನು ಮೈ ಗುರುತಿಟ್ಟುಕೊಂಡಿದೆ ಎಂದಷ್ಟೇ ಅದರ ಅರ್ಥ. ದಿನಾ ತಿನ್ನುವುದೇ ಕೆಂಪಾಗಿ ಬರುವುದರಲ್ಲಿ ಆಶ್ಚರ್ಯ ಏನು? ಆಹಾರದ ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಎಂದು ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿದೆಯಂತೆ. ತಟ್ಟನೆ ಬರುವ ಅಲರ್ಜಿಗೆ ನೋಡಬೇಕಾದದ್ದು ಐಜಿಇ ಎಂಬ ಇನ್ನೊಂದು ಪ್ರತಿಕಾಯ. ಒಂದೇ ಅಕ್ಷರದ ವ್ಯತ್ಯಾಸ ನೋಡಿ. ಐಜಿಇಯನ್ನೂ ಅವರು ಲಕ್ಷಣ ಕೇಳಿದ ಮೇಲೆಯೇ ಮಾಡಿಸುವುದು.

ಅವತ್ತು ನನ್ನದೂ ಒಂದು ತಪ್ಪಾಗಿತ್ತು. ಘಟ್ಟದ ದಾರಿಯಲ್ಲಿ ಸೀನಬಾರದೆಂದು ಹಿಂದಿನ ರಾತ್ರಿ ಸಿಟ್ರಿಜಿನ್ ಕೊಟ್ಟಿದ್ದೆ. ಅಲರ್ಜಿ ತಡೆಯುವ ಅಂಥ ಮಾತ್ರೆ ಮೈಯಲ್ಲಿದ್ದರೆ, ಅವರು ಮಾಡಬೇಕೆಂದಿದ್ದ ಚರ್ಮದ ಪರೀಕ್ಷೆಯಲ್ಲಿ ಅಲರ್ಜಿ ಇದ್ದರೂ ಗುಳ್ಳೆಯೇ ಏಳುವುದಿಲ್ಲ. ವಾರ ನಿಲ್ಲಿಸಿ ಬನ್ನಿ ಎಂದರು. ಸುಮ್ನೆ ಇನ್ನೊಂದು ಸಲ ಘಟ್ಟ ಹತ್ತಬೇಕಾಯಿತು. ನೀವು ಹೋಗುವುದಾದರೆ ಯಾವ ಮಾತ್ರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಫೋನ್ ಮಾಡಿಯೇ ಕೇಳಿ. ಉಬ್ಬಸದ ಔಷಧ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಎರಡನೇ ಸಲ ಮುಂಗೈ ಮೇಲೆ ಅಲರ್ಜಿ ತರಬಲ್ಲ ಒಂದೊಂದು ವಸ್ತುವಿನ ರಸದ ಹನಿ ಸಾಲಾಗಿ ಇಟ್ಟು ಒಂದೊಂದರ ಮೇಲೂ ಸಣ್ಣಗೆ ಚುಚ್ಚಿದರು. 15 ನಿಮಿಷದಲ್ಲಿ ಹಾಸಿಗೆ ಧೂಳಿನಲ್ಲಿ ಬೆಳೆಯುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಹುಳದ ಹನಿ ಇದ್ದಲ್ಲಿ ಸೊಳ್ಳೆ ಕಚ್ಚಿದ ಹಾಗೆ ದೊಡ್ಡ ಗುಳ್ಳೆ. ಹಾಲು, ಮೊಟ್ಟೆಗೆ ಏನೂ ಇಲ್ಲ. ಸಿಗಡಿಗೆ ಸ್ವಲ್ಪ ಎದ್ದಾಗ ನನ್ನ ಎದೆ ಧಸಕ್ಕೆಂದಿತು. ಧೂಳಿನ ಹುಳದಲ್ಲೂ ಸಿಗಡಿಯಲ್ಲೂ ಟ್ರೋಪೊಮಯೋಸಿನ್ ಎಂಬ ಒಂದೇ ಥರದ ಪ್ರೋಟೀನ್ ಇದೆಯಂತೆ, ಅದಕ್ಕೆ ಹೀಗೂ ಆಗುತ್ತದೆ. ಮೊದಲೆಲ್ಲ ತಿಂದು ಏನೂ ಆಗಿಲ್ಲವಲ್ಲ, ತಿನ್ನಲಿ ಬಿಡಿ ಎಂದರು. ಸಿಗಡಿ ತಿಂದ ಸ್ವಲ್ಪ ಹೊತ್ತಿಗೇ ದದ್ದು, ತುಟಿ ಊತ, ಉಸಿರು ಕಟ್ಟುವುದು ಆಗುವವರ ಕಥೆ ಬೇರೆ. ಅವರು ಪರೀಕ್ಷೆ ಗಿರೀಕ್ಷೆ ಎಂದು ಕೂರದೆ ನೇರ ಆಸ್ಪತ್ರೆಗೆ ಓಡಬೇಕು.

ನಮ್ಮ ಕಳ್ಳ ಇದ್ದದ್ದು ಹಳೇ ಹತ್ತಿ ಗಾದಿಯಲ್ಲಿ. ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುತ್ತಿದ್ದೆ. ಆ ತೇವಕ್ಕೆ ಹುಳ ಇನ್ನೂ ಸೊಂಪಾಗಿ ಬೆಳೆಯುತ್ತದೆ. ಈಗ ಗಾದಿಗೆ ಜಿಪ್ ಇರುವ ಗವಸು ಹಾಕಿದ್ದೇವೆ, ವಾರಕ್ಕೊಮ್ಮೆ ಚಾದರ ಬಿಸಿನೀರಲ್ಲಿ ತೊಳೆಯುತ್ತೇವೆ. ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇ ದಿನಾ ಹಾಕಬೇಕು. ಮೂರು ದಿನ ಹಾಕಿ "ಇದೂ ಮೋಸ" ಎಂದು ಬಿಡುವುದರಲ್ಲಿದ್ದೆ. ಪೂರ್ತಿ ಗುಣ ಕಾಣಲು ಎರಡು ವಾರವೂ ಬೇಕಾಗಬಹುದು ಎಂದು ಮೊದಲೇ ಹೇಳಿದ್ದರು, ನಾನೇ ಮರೆತಿದ್ದೆ.

ಶಿಬಿರದವರಿಗೆ ಫೋನ್ ಮಾಡಿ ಹಣ ವಾಪಸ್ ಕೇಳಿದೆ. "ನೀವು ಪಥ್ಯ ಸರಿಯಾಗಿ ಮಾಡಿಲ್ಲ ಮೇಡಂ, ಇನ್ನೊಮ್ಮೆ ಟೆಸ್ಟ್ ಮಾಡಿಸಿ, ಡಿಸ್ಕೌಂಟ್ ಕೊಡುತ್ತೇವೆ" ಎಂದರು.